ಮನೋವಿಜ್ಞಾನ ಸಮ್ಮೇಳನಕ್ಕೆ ಸಂಶೋಧನೆ ಕಳಿಸುವುದು ಹೇಗೆ? ಗಡಿ ಊರಿನ ವಿದ್ಯಾರ್ಥಿಗಳಿಗೆ ಮಾಹಿತಿ

ರಾಯಿಕೋಡ್: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಜಹೀರಾಬಾದ್ ಪೇಟೆಗೆ ಹೋದರೆ ದಖನಿ ಉರ್ದು. ನಾರಾಯಣಖೇಡ್ ಕಡೆಯವರಾದರೆ ಇದಕ್ಕೆ ಒಂದಿಷ್ಟು ಮರಾಠಿ ಒಗ್ಗರಣೆ. ನಮ್ಮ ಕಡೆ ಇದನ್ನು ಯಾರೂ ವಿಶೇಷ ಎಂದುಕೊಳ್ಳುವುದಿಲ್ಲ. ಆದರೆ 2013ರ ನವೆಂಬರಿನಲ್ಲಿ ಇದೇ ಸಂಗತಿ ದೇಶ ವಿದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಗೆ ಚಿಕಿತ್ಸೆಗೆ ಬಂದ 648 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ್ದರು. ಅವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರು. ಒಂದೇ ಭಾಷೆ ಬಲ್ಲವರಿಗಿಂತ ಇವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು ಎಂಬುದೇ ಹೆಚ್ಚು ಚರ್ಚೆಗೆ ಕಾರಣವಾಯಿತು. ಓದಿನ ಫಲವಲ್ಲ, ಭಾಷೆಯ ಫಲವೇ ಇರಬಹುದು ಎಂಬ ವಾದಕ್ಕೆ ಅದರಿಂದ ಬಲ ಬಂತು. (ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ, ವಾದ ಇನ್ನೂ ನಡೆದಿದೆ. ವಿಜ್ಞಾನ ಎಂದರೆ ಹಾಗೇ.)

ಎರಡು ಭಾಷೆಯ ಬದುಕಿನ ಬಗ್ಗೆ ಎರಡು ಭಾಷೆಯ ಊರಿನಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರೂ ಬರೆಯುತ್ತಿದ್ದಾರೆ. ಎಂ.ಎ., ಎಂ.ಎಸ್‌ಡಬ್ಲ್ಯೂ., ಬಿ.ಇಡಿ., ನರ್ಸಿಂಗ್ ಮುಗಿಸುವಾಗ ಊರೂರು ತಿರುಗಿ, ಪ್ರಶ್ನೆ ಕೇಳಿ, ಪ್ರಬಂಧ ಬರೆಯುತ್ತಾರೆ. ಅದಕ್ಕೆ ರೆಕ್ಸಿನ್ ರಟ್ಟು ಹಾಕಿಸುತ್ತಾರೆ, ಮೇಲೆ ಬಂಗಾರದ ಬಣ್ಣದಲ್ಲಿ ಹೆಸರು ಹಾಕಿಸುತ್ತಾರೆ. ವೈವಾ ಮುಗಿದ ಮಾರನೇ ದಿನ ಅದು ಕಾಲೇಜಿನ ಅಲಮಾರಿ ಸೇರುತ್ತದೆ. ಕಥೆ ಅಲ್ಲಿಗೆ ಮುಗಿಯಿತು. ಅದನ್ನು ಅಲಮಾರಿಯಿಂದ ಹೊರಗೆ ತರುವ ಮೊದಲ ದಾರಿ ಯಾವುದು ಎಂದರೆ ಸಮ್ಮೇಳನ. ಆ ದಾರಿ ಹೇಗಿದೆ, ಎಲ್ಲಿ ಗುಂಡಿಗಳಿವೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಸಮ್ಮೇಳನ ಅಂದರೆ ಏನು?

ಸಮ್ಮೇಳನ ಎಂದ ಕೂಡಲೇ ಶಾಮಿಯಾನ, ಹಾರ ತುರಾಯಿ, ಅಧ್ಯಕ್ಷರ ಮೆರವಣಿಗೆ ನೆನಪಾಗುತ್ತದೆ. ಇದು ಬೇರೆ. ಒಂದು ವಿಷಯದಲ್ಲಿ ಕೆಲಸ ಮಾಡುವವರು ವರ್ಷಕ್ಕೊಮ್ಮೆ ಎರಡು ಮೂರು ದಿನ ಒಂದು ವಿಶ್ವವಿದ್ಯಾಲಯದಲ್ಲಿ ಸೇರುತ್ತಾರೆ. ಹತ್ತು ಹನ್ನೆರಡು ನಿಮಿಷದಲ್ಲಿ ತಾವು ಕಂಡದ್ದನ್ನು ಹೇಳುತ್ತಾರೆ. ಕೇಳಿದವರು ಪ್ರಶ್ನೆ ಹಾಕುತ್ತಾರೆ. ಪತ್ರಿಕೆಯಲ್ಲಿ ಲೇಖನ ಅಚ್ಚಾಗಲು ವರ್ಷಗಟ್ಟಲೆ ಹಿಡಿಯಬಹುದು. ಸಮ್ಮೇಳನದಲ್ಲಿ ಕೆಲವೇ ತಿಂಗಳಲ್ಲಿ ನಿಮ್ಮ ಕೆಲಸ ನಾಲ್ಕು ಜನರ ಕಿವಿಗೆ ಬೀಳುತ್ತದೆ. ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಮನೋವಿಜ್ಞಾನದಲ್ಲಿ ಕನ್ನಡ ನಾಡಿಗೆ ಹಳೆಯ ಹೆಸರಿದೆ. ಭಾರತದಲ್ಲಿ ಈ ವಿಷಯದ ಮೊದಲ ವಿಭಾಗ 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಅಲ್ಲಿ ಅದರ ಪಠ್ಯಕ್ರಮಕ್ಕೆ ಬುನಾದಿ ಹಾಕಿದ ಬ್ರಜೇಂದ್ರನಾಥ ಸೀಲ್ 1921ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು. ಅವರ ಕಾಲದಲ್ಲೇ, 1924ರಲ್ಲಿ, ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ ಪ್ರಯೋಗಾಲಯ ತೆರೆದರು. ಈ ಹೆಸರು ಎಲ್ಲೋ ಕೇಳಿದ ಹಾಗಿದೆಯೇ? ಹೌದು, 1935ರಲ್ಲಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ರೇಡಿಯೋ ಆರಂಭಿಸಿದ ಗೋಪಾಲಸ್ವಾಮಿಯವರೇ ಇವರು! 1920ರ ದಶಕದಲ್ಲೇ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಮನೋವಿಜ್ಞಾನಕ್ಕೆ ಬೇರೆ ವಿಭಾಗ ಸಿಕ್ಕಿತು. ಅಂದಿನಿಂದ ಈ ದೇಶದಲ್ಲಿ ಮನೋವಿಜ್ಞಾನಿಗಳು ಸಭೆ ಸೇರಿ ಪ್ರಬಂಧ ಓದುತ್ತಲೇ ಇದ್ದಾರೆ.

ಈಗ ಗಮನಿಸಬೇಕಾದ ರಾಷ್ಟ್ರಮಟ್ಟದ ಸಂಸ್ಥೆಗಳು ಮೂರು. 1962ರಲ್ಲಿ ಶುರುವಾದ ಇಂಡಿಯನ್ ಅಕಾಡೆಮಿ ಆಫ್ ಅಪ್ಲೈಡ್ ಸೈಕಾಲಜಿ, 1968ರ ಇಂಡಿಯನ್ ಅಸೋಸಿಯೇಷನ್ ಆಫ್ ಕ್ಲಿನಿಕಲ್ ಸೈಕಾಲಜಿಸ್ಟ್ಸ್, 1989ರ ನ್ಯಾಷನಲ್ ಅಕಾಡೆಮಿ ಆಫ್ ಸೈಕಾಲಜಿ, ಅಂದರೆ ಎಲ್ಲರೂ ಕರೆಯುವ ಹಾಗೆ ನಾವೋಪ್. ಕ್ಲಿನಿಕಲ್ ಸಂಘದ ಸಭೆ ಆಸ್ಪತ್ರೆಯ ಕೆಲಸದವರಿಗೆ ಹೆಚ್ಚು ಹತ್ತಿರ. ಶಾಲೆ, ಭಾಷೆ, ಹಳ್ಳಿ, ಕುಟುಂಬ ಇಂಥ ವಿಷಯ ಹಿಡಿದವರಿಗೆ ಉಳಿದ ಎರಡು ಒಗ್ಗುತ್ತವೆ. ಸಭೆ ಪ್ರತಿ ಸಲ ಬೇರೆ ಬೇರೆ ಊರಿನಲ್ಲಿ ನಡೆಯುವುದರಿಂದ ವಿಳಾಸ, ದಿನಾಂಕ ಆಯಾ ವರ್ಷ ನೋಡಿಕೊಳ್ಳಬೇಕು.

ಮೊದಲ ಸಲವೇ ದಿಲ್ಲಿಗೆ ಹಾರಬೇಕಿಲ್ಲ. ಕಲಬುರಗಿಯ ಗುಲ್ಬರ್ಗಾ ವಿಶ್ವವಿದ್ಯಾಲಯ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮೂರರಲ್ಲೂ ಮನೋವಿಜ್ಞಾನ ವಿಭಾಗ ಇದೆ. ತಾಂಡೂರಿನವರಿಗೆ ಕಲಬುರಗಿ ರೈಲಿನ ದಾರಿಯಲ್ಲೇ ಸಿಗುತ್ತದೆ. ಇಂಥ ಕಡೆ ನಡೆಯುವ ವಿಚಾರ ಸಂಕಿರಣಗಳಲ್ಲಿ ಮೊದಲ ಪ್ರಬಂಧ ಓದಿ ಧೈರ್ಯ ಬಂದ ಮೇಲೆ ದೊಡ್ಡ ಸಮ್ಮೇಳನಕ್ಕೆ ಕಳಿಸಿದರೆ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಕರ್ನಾಟಕದ ಕೆಲವು ಸಂಕಿರಣಗಳಲ್ಲಿ ಕನ್ನಡದ ಪ್ರಬಂಧವನ್ನೂ ಸ್ವೀಕರಿಸುತ್ತಾರೆ. ರಾಷ್ಟ್ರಮಟ್ಟದಲ್ಲಿ ಮಾತ್ರ ಇಂಗ್ಲಿಷೇ ನಡೆಯುವುದು. ಬೇಸರದ ಮಾತು, ಆದರೆ ನಿಜ.

ಕರೆ ಬಂದಾಗ

ಸಮ್ಮೇಳನಕ್ಕೆ ನಾಲ್ಕೈದು ತಿಂಗಳು ಮುಂಚೆ 'ಕಾಲ್ ಫಾರ್ ಪೇಪರ್ಸ್' ಎಂಬ ಪ್ರಕಟಣೆ ಬರುತ್ತದೆ. ಅದರಲ್ಲಿ ಮುಖ್ಯ ವಿಷಯ, ಉಪವಿಷಯಗಳು, ಕೊನೆಯ ದಿನಾಂಕ, ಪದಮಿತಿ, ಶುಲ್ಕ ಇರುತ್ತವೆ. ಉಪವಿಷಯಗಳ ಪಟ್ಟಿಯನ್ನು ಎರಡು ಸಲ ಓದಿ. ನಿಮ್ಮ ಕೆಲಸ ಯಾವ ಉಪವಿಷಯದ ಕೆಳಗೆ ಬರುತ್ತದೆ ಎಂದು ನೀವೇ ಆರಿಸಿ ಬರೆಯಬೇಕು. ತಪ್ಪು ಪೆಟ್ಟಿಗೆಗೆ ಹಾಕಿದರೆ ವಿಷಯ ಗೊತ್ತಿಲ್ಲದವರ ಕೈಗೆ ಪರಿಶೀಲನೆಗೆ ಹೋಗುತ್ತದೆ.

ಮಂಡಿಸುವ ರೂಪವನ್ನೂ ಆರಿಸಬೇಕು. ಬಾಯಲ್ಲಿ ಹೇಳುವ ಪ್ರಬಂಧ, ಗೋಡೆಗೆ ಅಂಟಿಸುವ ಪೋಸ್ಟರ್, ಮೂರು ನಾಲ್ಕು ಜನ ಸೇರಿ ಒಂದೇ ವಿಷಯದ ಮೇಲೆ ನಡೆಸುವ ಸಿಂಪೋಸಿಯಂ. ಪೋಸ್ಟರ್ ಎಂದರೆ ಕೆಳದರ್ಜೆ ಎಂದು ಕೆಲವರು ಮೂಗು ಮುರಿಯುತ್ತಾರೆ. ಅದು ಸರಿಯಲ್ಲ. ಇಂಗ್ಲಿಷಿನಲ್ಲಿ ವೇದಿಕೆ ಮೇಲೆ ನಿಂತು ಮಾತಾಡಲು ಹೆದರುವವರಿಗೆ ಪೋಸ್ಟರಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಜನ ಒಬ್ಬೊಬ್ಬರೇ ಬರುತ್ತಾರೆ, ನಿಧಾನಕ್ಕೆ ಕೇಳುತ್ತಾರೆ, ತೆಲುಗಿನವರು ಬಂದರೆ ತೆಲುಗಿನಲ್ಲೇ ವಿವರಿಸಬಹುದು, ಕನ್ನಡದವರು ಬಂದರೆ ಕನ್ನಡದಲ್ಲಿ.

ಸಾರಲೇಖ: ಎಲ್ಲ ಇರುವುದು ಇಲ್ಲೇ

ಪೂರ್ತಿ ಪ್ರಬಂಧವನ್ನು ಮೊದಲು ಯಾರೂ ಕೇಳುವುದಿಲ್ಲ. ಕೇಳುವುದು ಅಬ್‌ಸ್ಟ್ರಾಕ್ಟ್, ಅಂದರೆ ಸಾರಲೇಖ. ಹೆಚ್ಚಿನ ಕಡೆ 200ರಿಂದ 300 ಪದ. ಅಮೆರಿಕನ್ ಸೈಕಾಲಾಜಿಕಲ್ ಅಸೋಸಿಯೇಷನ್ನಿನ ಬರವಣಿಗೆಯ ಪದ್ಧತಿ, ಎಲ್ಲರೂ ಎಪಿಎ ಶೈಲಿ ಎನ್ನುವುದು, 250 ಪದಗಳ ಮಿತಿ ಹೇಳುತ್ತದೆ. ಅದರ 7ನೇ ಆವೃತ್ತಿ ಈಗ ಚಾಲ್ತಿಯಲ್ಲಿದೆ. ಪರಿಶೀಲಕರು ನಿಮ್ಮನ್ನು ನೋಡಿಲ್ಲ, ನಿಮ್ಮ ಗೈಡನ್ನೂ ನೋಡಿಲ್ಲ. ಅವರ ಮುಂದೆ ಇರುವುದು ಈ 250 ಪದ ಮಾತ್ರ.

ನಮ್ಮ ವಿದ್ಯಾರ್ಥಿಗಳ ಸಾರಲೇಖಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ ಒಂದೇ. ಅರ್ಧಕ್ಕರ್ಧ ಪೀಠಿಕೆ. "ಇಂದಿನ ವೇಗದ ಯುಗದಲ್ಲಿ ಒತ್ತಡವು ಮಾನವನ ಬಾಳಿನ ಅವಿಭಾಜ್ಯ ಅಂಗವಾಗಿದೆ" ಎಂದು ಶುರುವಾಗಿ, ಮಾನವ ಜನಾಂಗದ ಕಥೆಯೆಲ್ಲ ಹೇಳಿ, ಕೊನೆಗೆ "ಫಲಿತಾಂಶಗಳನ್ನು ಚರ್ಚಿಸಲಾಗುವುದು" ಎಂದು ಮುಗಿಯುತ್ತದೆ. ಯಾರನ್ನು ಕೇಳಿದಿರಿ? ಎಷ್ಟು ಜನ? ಏನು ಸಿಕ್ಕಿತು? ಒಂದೂ ಇಲ್ಲ. ಫಲಿತಾಂಶ ಚರ್ಚಿಸಲಾಗುವುದು ಎಂದು ಬರೆದರೆ ಪರಿಶೀಲಕರಿಗೆ ಅರ್ಥವಾಗುವುದು ಒಂದೇ, ಫಲಿತಾಂಶ ಇನ್ನೂ ಬಂದಿಲ್ಲ ಎಂದು.

ಒಂದು ಉದಾಹರಣೆ ನೋಡೋಣ. ಇದು ನಡೆದ ಅಧ್ಯಯನವಲ್ಲ, ತಿಳಿಯಲಿ ಎಂದು ಹೇಳುವುದು. ಮನೆಯಲ್ಲಿ ಕನ್ನಡ ಆಡುವ, ತೆಲುಗು ಮಾಧ್ಯಮದಲ್ಲಿ ಓದುವ ಐದನೇ ತರಗತಿ ಮಕ್ಕಳ ನೆನಪಿನ ಶಕ್ತಿಯನ್ನು ನೀವು ಅಳೆದಿದ್ದೀರಿ ಎಂದುಕೊಳ್ಳಿ. ಅಳತೆ ಸರಳ. ನೀವು ಅಂಕಿಗಳನ್ನು ಹೇಳುತ್ತೀರಿ: ಐದು, ಎಂಟು, ಎರಡು. ಮಗು ತಿರುಗಿ ಹೇಳಬೇಕು. ಅಂಕಿಗಳು ಹೆಚ್ಚುತ್ತಾ ಹೋಗುತ್ತವೆ. ಎಷ್ಟರ ತನಕ ಹೇಳಿತು ಎಂಬುದೇ ಅಂಕ. ಈಗ ಸಾರಲೇಖದ ಮೊದಲ ಎರಡು ವಾಕ್ಯದಲ್ಲಿ ಪ್ರಶ್ನೆ ಇರಲಿ: ಇಂಥ ಮಕ್ಕಳನ್ನು ಯಾವ ಭಾಷೆಯಲ್ಲಿ ಅಳೆದರೆ ಸರಿ, ಇದು ಏಕೆ ಮುಖ್ಯ. ಮುಂದಿನ ಮೂರು ವಾಕ್ಯದಲ್ಲಿ ಮಕ್ಕಳ ಸಂಖ್ಯೆ, ವಯಸ್ಸು, ಹುಡುಗ ಹುಡುಗಿಯರು ಎಷ್ಟೆಷ್ಟು, ಯಾವ ತಾಲೂಕಿನ ಎಂಥ ಶಾಲೆ, ಹೇಗೆ ಆರಿಸಿದಿರಿ. ಆಮೇಲೆ ಬಳಸಿದ ಪರೀಕ್ಷೆ, ಎರಡು ಭಾಷೆಯಲ್ಲಿ ಯಾವ ಸರದಿಯಲ್ಲಿ ಕೊಟ್ಟಿರಿ, ಲೆಕ್ಕ ಹಾಕಿದ್ದು ಹೇಗೆ. ನಂತರ ಅಂಕಿಗಳು: ಕನ್ನಡದಲ್ಲಿ ಸರಾಸರಿ ಇಷ್ಟು, ತೆಲುಗಿನಲ್ಲಿ ಇಷ್ಟು, ವ್ಯತ್ಯಾಸ ಎಷ್ಟು ದೊಡ್ಡದು. ಕೊನೆಯ ಎರಡು ವಾಕ್ಯದಲ್ಲಿ ಇದರಿಂದ ಏನು ಹೇಳಬಹುದು, ಏನು ಹೇಳಲಾಗದು. ಅದರ ಕೆಳಗೆ ಮೂರರಿಂದ ಐದು ಕೀಲಿ ಪದ. ಅಷ್ಟೇ, 250 ಪದ ತುಂಬಿತು.

ವ್ಯತ್ಯಾಸ ಸಿಗಲಿಲ್ಲವೇ? ಅದನ್ನೇ ಬರೆಯಿರಿ. ಸಿಗದ್ದೂ ಫಲಿತಾಂಶವೇ. ಅಂಕಿ ತಿದ್ದಿ 'ಸಿಗ್ನಿಫಿಕೆಂಟ್' ಮಾಡಿದವರು ಇದ್ದಾರೆ ಎಂದು ಕೇಳಿದ್ದೇವೆ. ಪ್ರಶ್ನೋತ್ತರದಲ್ಲಿ ಒಬ್ಬರು ಮೂಲ ಹಾಳೆ ತೋರಿಸಿ ಎಂದರೆ ಅಲ್ಲೇ ಬಣ್ಣ ಬಯಲು.

ತಾಂತ್ರಿಕ ವಿಷಯ ಒಂದೆರಡು. ಪರಿಶೀಲನೆ ಹೆಸರಿಲ್ಲದೆ ನಡೆಯುತ್ತದೆ ಎಂದಿದ್ದರೆ ಕಡತದಿಂದ ನಿಮ್ಮ ಹೆಸರು, ಕಾಲೇಜಿನ ಹೆಸರು ತೆಗೆಯಬೇಕು. ವರ್ಡ್ ಕಡತದ ಪ್ರಾಪರ್ಟೀಸ್‌ನಲ್ಲೂ ಹೆಸರು ಕೂತಿರುತ್ತದೆ, ಅದನ್ನೂ ಅಳಿಸಿ. ಈಜಿಚೇರ್ ಅಥವಾ ಗೂಗಲ್ ಫಾರಂ ಮೂಲಕ ಸಲ್ಲಿಸುವಾಗ ಪದಮಿತಿ ಮೀರಿದರೆ ಕೊನೆಯ ಸಾಲುಗಳು ತುಂಡಾಗುವುದುಂಟು, ಆದ್ದರಿಂದ ಸಲ್ಲಿಸಿದ ಮೇಲೆ ತೆರೆದು ನೋಡಿ. ಕನ್ನಡದ ಪದ ಅಥವಾ ಪ್ರಶ್ನೆಯನ್ನು ಸೇರಿಸುವುದಿದ್ದರೆ ಯುನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ, ತೆಲುಗಿನ ಅನು ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆಯವರ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಕೊನೆಯ ದಿನದ ರಾತ್ರಿ ಸಲ್ಲಿಸುತ್ತೇನೆ ಎನ್ನಬೇಡಿ. ನಮ್ಮೂರ ಕರೆಂಟು, ನೆಟ್‌ವರ್ಕು ಎರಡನ್ನೂ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

ಯಾವ ಭಾಷೆಯಲ್ಲಿ ಅಳೆಯುವುದು?

ಮೇಲಿನ ಉದಾಹರಣೆ ಸುಮ್ಮನೆ ಕೊಟ್ಟದ್ದಲ್ಲ. 1980ರಲ್ಲಿ ಎಲಿಸ್ ಮತ್ತು ಹೆನೆಲಿ ಎಂಬ ಇಬ್ಬರು ಸಂಶೋಧಕರು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಬಗ್ಗೆ ಒಂದು ಸೋಜಿಗ ವರದಿ ಮಾಡಿದರು. ಅಲ್ಲಿಯ ಮಕ್ಕಳು ಅಂಕಿ ನೆನಪಿಡುವ ಪರೀಕ್ಷೆಯಲ್ಲಿ ವೆಲ್ಷ್ ಭಾಷೆಯಲ್ಲಿ ಕಡಿಮೆ ಅಂಕ ಪಡೆಯುತ್ತಿದ್ದರು. ಮಕ್ಕಳು ದಡ್ಡರೇ? ಅಲ್ಲ. ವೆಲ್ಷ್ ಅಂಕಿಗಳನ್ನು ಉಚ್ಚರಿಸಲು ಇಂಗ್ಲಿಷ್ ಅಂಕಿಗಳಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಬಾಯಲ್ಲಿ ಗುಣುಗಿಕೊಳ್ಳುವಷ್ಟರಲ್ಲಿ ಹಿಂದಿನ ಅಂಕಿ ಜಾರಿ ಹೋಗುತ್ತದೆ! ತಪ್ಪು ಮಗುವಿನದಲ್ಲ, ಅಳತೆಗೋಲಿನದು.

ಇದನ್ನು ನಮ್ಮ ಕಡೆಗೆ ತಂದು ನೋಡಿ. ಮನೆಯಲ್ಲಿ ಬರೀ ಕನ್ನಡ ಕೇಳಿದ ಆರು ವರ್ಷದ ಮಗುವಿಗೆ ತೆಲುಗಿನಲ್ಲಿ ಬುದ್ಧಿಮತ್ತೆ ಪರೀಕ್ಷೆ ಕೊಟ್ಟು "ಈ ಮಗು ಮಂದ" ಎಂದು ಹಾಳೆಯ ಮೇಲೆ ಬರೆದರೆ? ಆ ಹಾಳೆ ಶಾಲೆಗೆ ಹೋಗುತ್ತದೆ, ಪ್ರಮಾಣಪತ್ರಕ್ಕೆ ಆಧಾರವಾಗುತ್ತದೆ, ಮಗುವಿನ ಬೆನ್ನು ಬಿಡುವುದಿಲ್ಲ. ತಿರುಗಿಸಿಯೂ ನೋಡಿ: ನಿಜಕ್ಕೂ ನೆರವು ಬೇಕಾದ ಮಗುವನ್ನು "ಭಾಷೆ ತಿಳಿಯದ್ದಕ್ಕೆ ಹಾಗೆ" ಎಂದು ತಳ್ಳಿಹಾಕಿದರೂ ಅನ್ಯಾಯವೇ. ಇದನ್ನು ಬಿಡಿಸಬಲ್ಲವರು ಎರಡೂ ಭಾಷೆ ಬಲ್ಲವರು ಮಾತ್ರ. ಹೈದರಾಬಾದಿನಿಂದ ಬರುವ ಪರೀಕ್ಷಕರಿಗೆ ಮಗು "ಗೊತ್ತಿಲ್ರಿ" ಎಂದದ್ದು ಉತ್ತರ ಗೊತ್ತಿಲ್ಲ ಎಂದೋ, ಪ್ರಶ್ನೆ ತಿಳಿಯಲಿಲ್ಲ ಎಂದೋ ಹೇಗೆ ಗೊತ್ತಾಗಬೇಕು?

ಈ ತೊಡಕನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ವಿ.ವಿ. ಕಾಮತ್ ಒಬ್ಬರು. ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ಅವರು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಬ್ರಿಟನ್ನಿನ ಒಂದು ಶಿಕ್ಷಣ ಮನೋವಿಜ್ಞಾನ ಪತ್ರಿಕೆಯಲ್ಲಿ ಬರೆದರು, 1940ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದು ದೇಶದ ಆಸ್ಪತ್ರೆಗಳಲ್ಲಿ ಹೆಸರಾದದ್ದು ಇದೇ. ಎರಡು ಭಾಷೆಯ ಪ್ರಾಂತ್ಯದಲ್ಲಿ ಎರಡೂ ಭಾಷೆಯ ಮಕ್ಕಳನ್ನು ಮುಂದೆ ಕೂರಿಸಿಕೊಂಡು ಮಾಡಿದ ಕೆಲಸ ಎಂಬುದನ್ನು ಗಡಿಯವರಾದ ನಾವು ನೆನಪಿಡಬೇಕು. ಆಮೇಲೆ ಅಜಿತ್ ಕೆ. ಮೊಹಾಂತಿ ಒಡಿಶಾದ ಕೊಂಧ ಮಕ್ಕಳಲ್ಲಿ ಅಧ್ಯಯನ ಮಾಡಿ, ಕುಯಿ ಮತ್ತು ಒಡಿಯಾ ಎರಡೂ ಬಲ್ಲ ಮಕ್ಕಳು ಒಡಿಯಾ ಮಾತ್ರ ಬಲ್ಲ ಕೊಂಧ ಮಕ್ಕಳಿಗಿಂತ ಬುದ್ಧಿಶಕ್ತಿಯ ಹಲವು ಪರೀಕ್ಷೆಗಳಲ್ಲಿ ಮುಂದಿದ್ದಾರೆ ಎಂದು ತೋರಿಸಿದರು. ಅವರ ಪುಸ್ತಕವನ್ನು 1994ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಪ್ರಕಟಿಸಿತು. ಗಡಿ ಮಕ್ಕಳ ಮೇಲೆ ಕೆಲಸ ಮಾಡುವವರು ಓದಲೇಬೇಕಾದ ಪುಸ್ತಕ.

ಅಂದಹಾಗೆ, ನಮ್ಮ ಊರುಗಳು ಹೀಗೆ ಎರಡು ಭಾಷೆಯಲ್ಲಿ ನಿಂತದ್ದೂ ಇತಿಹಾಸದ ಕೆಲಸ. 1956ರ ನವೆಂಬರ್ 1ರ ತನಕ ಜಹೀರಾಬಾದ್, ನಾರಾಯಣಖೇಡ್ ತಾಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು, ಕೊಡಂಗಲ್ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಂಧ್ರ ಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣ. ಸಾರಲೇಖದಲ್ಲಿ "ತೆಲಂಗಾಣದ ಒಂದು ಹಳ್ಳಿ" ಎಂದಷ್ಟೇ ಬರೆದರೆ ಓದುವವರು ಎಲ್ಲರೂ ತೆಲುಗರೇ ಎಂದುಕೊಳ್ಳುತ್ತಾರೆ. ಗಡಿ ಪ್ರದೇಶ, ಮನೆಮಾತು ಕನ್ನಡ, ಶಾಲೆಯ ಭಾಷೆ ತೆಲುಗು ಎಂದು ಒಂದು ವಾಕ್ಯ ಸೇರಿಸಿ. ನಿಮ್ಮ ಅಧ್ಯಯನದ ಬೆಲೆ ಇರುವುದೇ ಆ ವಾಕ್ಯದಲ್ಲಿ.

ಪ್ರಶ್ನಾವಳಿಯ ಅನುವಾದದ ಬಗ್ಗೆ ಎಚ್ಚರ. ಇಂಗ್ಲಿಷ್ ಪ್ರಶ್ನಾವಳಿಯನ್ನು ನೀವು ಕನ್ನಡಕ್ಕೆ ತಂದರೆ ಸಾಲದು. ಮೂಲ ನೋಡದ ಇನ್ನೊಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಪುಸ್ತಕದ ಕನ್ನಡದಲ್ಲಿ "ಖಿನ್ನತೆ" ಎಂದು ಬರೆದದ್ದು ನಮ್ಮ ಅವ್ವಂದಿರಿಗೆ ತಿಳಿಯುವುದಿಲ್ಲ. "ಮನಸ್ಸಿಗೆ ಬ್ಯಾಸರ ಆಗತಾದ, ಏನೂ ಬ್ಯಾಡ ಅನಸ್ತಾದ" ಎಂದರೆ ತಿಳಿಯುತ್ತದೆ. ಇಂಥ ಬದಲಾವಣೆ ಮಾಡಿದ್ದರೆ ಸಾರಲೇಖದಲ್ಲಿ ಮುಚ್ಚಿಡಬೇಡಿ, ಹೇಳಿಕೊಳ್ಳಿ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕನ್ನಡ, ತೆಲುಗು ಎರಡರಲ್ಲೂ ಸಿದ್ಧವಾಗಿ ಸಿಗುತ್ತದೆ, ಬಳಸಲು ದುಡ್ಡು ಕೊಡಬೇಕಿಲ್ಲ. ಕೆಲವು ಪರೀಕ್ಷೆಗಳಿಗೆ ಅನುಮತಿ, ಶುಲ್ಕ ಎರಡೂ ಬೇಕು. ಜೆರಾಕ್ಸ್ ಹೊಡೆಸಿ ಬಳಸುವುದು ಕಳ್ಳತನ.

ಇನ್ನೊಂದು ಸಾಮಾನ್ಯ ಎಡವಟ್ಟು. ಕುಟುಂಬದ ಆರ್ಥಿಕ ಸ್ಥಿತಿ ಅಳೆಯಲು ಎಲ್ಲರೂ ಕುಪ್ಪುಸ್ವಾಮಿ ಮಾಪನ ಬಳಸುತ್ತಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿಯವರದು ಅದು, ಒಳ್ಳೆಯ ಮಾಪನ. ಆದರೆ ಮಾಡಿದ್ದು ಪಟ್ಟಣದವರಿಗೆ! ಹೊಲ, ಎತ್ತು, ಪಾಲಿಗೆ ಮಾಡಿದ ಭೂಮಿ ಇದ್ಯಾವುದೂ ಅದರಲ್ಲಿಲ್ಲ. ಹಳ್ಳಿಗೆಂದೇ ಉದಯ್ ಪಾರೀಕ್ ಮತ್ತು ತ್ರಿವೇದಿ 1964ರಲ್ಲಿ ಮಾಡಿದ ಮಾಪನ ಇದೆ. ಹಳೆಯದಾದರೂ ರೈತ ಕುಟುಂಬಕ್ಕೆ ಅದೇ ಹತ್ತಿರ.

ಊರವರ ಒಪ್ಪಿಗೆ

"ನಿಮ್ಮ ಹುಡುಗಿ ಮನಿ ಮನಿ ತಿರುಗಿ ಪ್ರಶ್ನೆ ಕೇಳಾಕತ್ಯಾಳಲ್ಲ, ಎಲ್ಲಿಗಿ ಬರದು ಕಳಸ್ತಾಳ?" ಎಂದು ಕಟ್ಟೆಯ ಮೇಲೆ ಕೂತವರು ಕೇಳಿದರೆ ಸಿಟ್ಟಾಗಬೇಡಿ. ಅದು ಅವರ ಹಕ್ಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ: ಏಕೆ ಕೇಳುತ್ತಿದ್ದೇನೆ, ಏನು ಮಾಡುತ್ತೇನೆ, ಬೇಡವಾದರೆ ಯಾವಾಗ ಬೇಕಾದರೂ ಬಿಡಬಹುದು ಎಂದು ಅವರ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಓದು ಬಾರದವರಿಗೆ ಓದಿ ಹೇಳಿ, ಓದು ಬಲ್ಲ, ಸಂಶೋಧನೆಗೆ ಸಂಬಂಧ ಇಲ್ಲದ ಸಾಕ್ಷಿಯ ಮುಂದೆ ಹೆಬ್ಬೆಟ್ಟು ಪಡೆಯಬೇಕು. 18 ವರ್ಷದೊಳಗಿನವರಾದರೆ ತಂದೆ ತಾಯಿಯ ಒಪ್ಪಿಗೆ ಬೇಕು. ಅದರ ಜೊತೆಗೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ, 12ರ ಮೇಲಿನವರ ಲಿಖಿತ ಸಮ್ಮತಿ ಬೇಕು. ಹೆಡ್‌ಮಾಸ್ತರರು ಹೂಂ ಎಂದರೆ ಆಯಿತು ಎಂಬುದು ತಪ್ಪು ತಿಳಿವಳಿಕೆ.

ನೈತಿಕ ಸಮಿತಿಯ ಅನುಮತಿ ಮಾಹಿತಿ ಸಂಗ್ರಹಕ್ಕೆ ಮೊದಲೇ ಬೇಕು. ಆಮೇಲೆ ಪಡೆಯುವುದು ಸಾಧ್ಯವಿಲ್ಲ. ಚಿಕ್ಕ ಕಾಲೇಜುಗಳಲ್ಲಿ ಸಮಿತಿ ಇರುವುದಿಲ್ಲ. ಗೈಡ್ ಮೂಲಕ ವಿಶ್ವವಿದ್ಯಾಲಯದ ಸಮಿತಿಗೆ ಅರ್ಜಿ ಹಾಕಿ. ಅನುಮತಿ ಸಿಕ್ಕಿದ ವಿಷಯ ಸಾರಲೇಖದಲ್ಲಿ ಅಥವಾ ಸಲ್ಲಿಕೆಯ ಫಾರಮಿನಲ್ಲಿ ನಮೂದಿಸಬೇಕಾಗುತ್ತದೆ. ಮಾನಸಿಕ ಕಾಯಿಲೆ ಇರುವವರ ಅಧ್ಯಯನವಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಅನ್ವಯಿಸುತ್ತದೆ.

ಚಿಕ್ಕ ಊರಿನಲ್ಲಿ ಹೆಸರು ಮುಚ್ಚಿಟ್ಟರೂ ಗುಟ್ಟು ಉಳಿಯುವುದಿಲ್ಲ ಎಂಬುದು ಪಟ್ಟಣದ ಸಂಶೋಧಕರಿಗೆ ಗೊತ್ತಿಲ್ಲ, ನಮಗೆ ಗೊತ್ತು. "ಇಂಥ ಮಂಡಲದ, ಹೊಲ ಮಾರಿದ, ಮಗನನ್ನು ಕಳೆದುಕೊಂಡ 52 ವರ್ಷದ ಮಹಿಳೆ" ಎಂದು ಪೋಸ್ಟರಿನಲ್ಲಿ ಬರೆದರೆ ಊರಿಗೆಲ್ಲ ಯಾರೆಂದು ತಿಳಿಯುತ್ತದೆ. ವಯಸ್ಸನ್ನು "50ರ ಆಸುಪಾಸು" ಮಾಡಿ, ಊರಿನ ಬದಲು ಜಿಲ್ಲೆ ಬರೆಯಿರಿ. ಆತ್ಮಹತ್ಯೆ ನಡೆದ ಮನೆಗಳಿಗೆ ಹೋಗಿ ಪ್ರಶ್ನೆ ಕೇಳುವ ಕೆಲಸವನ್ನು ಅನುಭವ ಇರುವ ಗೈಡ್ ಜೊತೆಗಿಲ್ಲದೆ ಮಾಡಬೇಡಿ. ಮಾತಿನ ನಡುವೆ ಯಾರಾದರೂ ಕುಸಿದರೆ ಪ್ರಶ್ನಾವಳಿ ಮಡಚಿಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ತಾಸು ಉಚಿತ. 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಕನ್ನಡ, ತೆಲುಗು ಎರಡರಲ್ಲೂ ಮಾತಾಡಬಹುದು. ಈ ಸಂಖ್ಯೆಯ ಚೀಟಿ ಪ್ರತಿ ಮನೆಗೂ ಕೊಟ್ಟು ಬನ್ನಿ.

ಹಳ್ಳಿಯ ಕೆಲಸಕ್ಕೆ ಬೆಲೆ ಇದೆಯೇ ಎಂದು ಅನುಮಾನ ಬೇಡ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾನಸಿಕ ಚಿಕಿತ್ಸೆ ಕೊಟ್ಟು ನೋಡಿದ ಪ್ರಯೋಗವೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 1996-97ರಲ್ಲಿ ಆ ಕಾರ್ಯಕ್ರಮ ಮೊದಲು ಶುರುವಾದ ನಾಲ್ಕು ಜಿಲ್ಲೆಗಳಲ್ಲಿ ಒಂದು ಯಾವುದು ಗೊತ್ತೇ? ಆಗ ರಾಯಿಕೋಡ್ ಸೇರಿದ್ದ ನಮ್ಮ ಮೇದಕ್ ಜಿಲ್ಲೆ!

ದುಡ್ಡಿನ ವಿಷಯ

ಸಾರಲೇಖ ಒಪ್ಪಿಗೆಯಾದ ಮೇಲೆ ನೋಂದಣಿ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ಹೆಸರು ಕಾರ್ಯಕ್ರಮ ಪಟ್ಟಿಯಿಂದ ಹೋಗುತ್ತದೆ. ವಿದ್ಯಾರ್ಥಿಗಳಿಗೆ, ಸದಸ್ಯರಿಗೆ, ಬೇಗ ಕಟ್ಟುವವರಿಗೆ ಕಡಿಮೆ ಇರುತ್ತದೆ. ಸಹಲೇಖಕರು ಬಂದರೆ ಅವರದೂ ಬೇರೆ ಕಟ್ಟಬೇಕು. ಇದರ ಮೇಲೆ ಬಸ್ಸು, ರೈಲು, ಊಟ, ವಸತಿ. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಕಡಿಮೆ ದರಕ್ಕೆ ವ್ಯವಸ್ಥೆ ಇದೆಯೇ ಎಂದು ಸಂಘಟಕರನ್ನು ಇ-ಮೇಲ್ ಮಾಡಿ ಕೇಳಿ. ಕೇಳಿದವರಿಗಷ್ಟೇ ಸಿಗುವ ಸೌಲಭ್ಯ ಅದು.

ಇನ್ನು ಮೋಸದ ಸಮ್ಮೇಳನಗಳು. ನಿಮ್ಮ ಇ-ಮೇಲಿಗೆ "ಗೌರವಾನ್ವಿತ ಡಾಕ್ಟರೇ, ತಮ್ಮ ಅಮೂಲ್ಯ ಸಂಶೋಧನೆಗೆ ಮನಸೋತು" ಎಂದು ಪತ್ರ ಬಂದರೆ ಮೊದಲು ಒಂದು ಲೋಟ ನೀರು ಕುಡಿಯಿರಿ. ನೀವಿನ್ನೂ ಎಂ.ಎ. ಎರಡನೇ ವರ್ಷ. ಡಾಕ್ಟರ್ ಆದದ್ದು ಯಾವಾಗ? ಎರಡು ದಿನದಲ್ಲಿ ಒಪ್ಪಿಗೆ ಪತ್ರ, ಮನೋವಿಜ್ಞಾನದಿಂದ ಮೀನುಗಾರಿಕೆಯ ತನಕ ಎಲ್ಲ ವಿಷಯ ಒಂದೇ ಸಭೆಯಲ್ಲಿ, ಸಭೆ ಐದು ನಕ್ಷತ್ರದ ಹೋಟೆಲಿನಲ್ಲಿ, ಸಮಿತಿಯಲ್ಲಿ ವಿದೇಶಿ ಹೆಸರುಗಳು, ಇವು ಗುರುತು. ಸಮಿತಿಯಲ್ಲಿ ಇರುವವರಿಗೆ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೆ ಬರೆದು ಕೇಳಿದರೆ ತಮಗೆ ಈ ಸಭೆಯ ಸುದ್ದಿಯೇ ಇಲ್ಲ ಎನ್ನುವುದುಂಟು. ಇದು ದೂರದ ಕಥೆಯಲ್ಲ. ಹೈದರಾಬಾದ್ ಮೂಲದ ಓಮಿಕ್ಸ್ ಎಂಬ ಪ್ರಕಾಶನ ಸಂಸ್ಥೆಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ದಾವೆ ಹೂಡಿತು. ಪತ್ರಿಕೆಗಳಲ್ಲಿ ಸರಿಯಾದ ಪರಿಶೀಲನೆ ಇಲ್ಲ, ಶುಲ್ಕದ ವಿಷಯ ಮುಚ್ಚಿಡುತ್ತಾರೆ, ಸಮ್ಮೇಳನಕ್ಕೆ ಒಪ್ಪದ ವಿಜ್ಞಾನಿಗಳ ಹೆಸರು ಹಾಕುತ್ತಾರೆ ಎಂಬುದು ಆರೋಪ. 2019ರ ಮಾರ್ಚಿನಲ್ಲಿ ಅಲ್ಲಿನ ನ್ಯಾಯಾಲಯ 5 ಕೋಟಿ ಡಾಲರಿಗೂ ಹೆಚ್ಚು ಕಟ್ಟುವಂತೆ ಆದೇಶಿಸಿತು.

ನಮಗೆ ಪರಿಚಯದ ಒಬ್ಬ ಹುಡುಗಿ ಶುಂಠಿ ಮಾರಿದ ದುಡ್ಡಿನಲ್ಲಿ ಅಪ್ಪನಿಂದ ಇಸಿದುಕೊಂಡು ಇಂಥದೊಂದು ಸಭೆಗೆ ಶುಲ್ಕ ಕಟ್ಟಿದ್ದಳು. ಹೋಗಿ ನೋಡಿದರೆ ಹೋಟೆಲಿನ ಒಂದು ಕೋಣೆ, ಹನ್ನೊಂದು ಜನ, ಪ್ರಶ್ನೆ ಕೇಳುವವರು ಯಾರೂ ಇಲ್ಲ. ಪ್ರಮಾಣಪತ್ರ ಮಾತ್ರ ಬಲು ಚೆಂದ, ಬಂಗಾರದ ಅಂಚು. ಅದನ್ನು ಮುಂದೆ ಸಂದರ್ಶನದಲ್ಲಿ ತೋರಿಸಿದಾಗ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಹಾಗಾಗಿ ದುಡ್ಡು ಕಟ್ಟುವ ಮುಂಚೆ ನಿಮ್ಮ ವಿಭಾಗದ ಇಬ್ಬರು ಅಧ್ಯಾಪಕರನ್ನು ಕೇಳಿ: ನೀವು ಈ ಸಮ್ಮೇಳನಕ್ಕೆ ಹೋಗಿದ್ದೀರಾ? ಇಬ್ಬರೂ ಹೆಸರೇ ಕೇಳಿಲ್ಲ ಎಂದರೆ ಬಿಟ್ಟುಬಿಡಿ.

ಉತ್ತರ ಬಂದ ಮೇಲೆ

ತಿರಸ್ಕಾರವಾದರೆ ಪರಿಶೀಲಕರ ಟಿಪ್ಪಣಿ ಇದೆಯೇ ನೋಡಿ. "ಮಾದರಿ ಚಿಕ್ಕದು" ಎಂದಿದ್ದರೆ ಇನ್ನಷ್ಟು ಮನೆ ತಿರುಗಬೇಕು, "ಬರವಣಿಗೆ ಅಸ್ಪಷ್ಟ" ಎಂದಿದ್ದರೆ ಒಂದು ಭಾನುವಾರ ಸಾಕು. ತಿದ್ದಿ ಮುಂದಿನ ಸಮ್ಮೇಳನಕ್ಕೆ ಕಳಿಸಿ. ಒಂದೇ ಸಾರಲೇಖವನ್ನು ಏಕಕಾಲಕ್ಕೆ ಎರಡು ಕಡೆ ಮಾತ್ರ ಕಳಿಸಬೇಡಿ. ಲೇಖಕರ ಹೆಸರಿನ ಸರದಿಯನ್ನೂ ಕಳಿಸುವ ಮೊದಲೇ ಗೈಡ್ ಜೊತೆ ಮಾತಾಡಿಕೊಳ್ಳಿ. ಮನೆ ಮನೆ ತಿರುಗಿ, ಲೆಕ್ಕ ಹಾಕಿ, ಬರೆದವರು ನೀವಾದರೆ ಮೊದಲ ಹೆಸರು ನಿಮ್ಮದು. ಕೇಳಲು ಸಂಕೋಚವಾದರೆ, "ಸರ್, ಹೆಸರುಗಳನ್ನು ಹೇಗೆ ಹಾಕಲಿ?" ಎಂದಷ್ಟೇ ಕೇಳಿ, ಮಾತು ಅಲ್ಲಿಂದ ಹೊರಡುತ್ತದೆ.

ಒಪ್ಪಿಗೆಯಾದರೆ ಹತ್ತು ನಿಮಿಷದ ಮಾತನ್ನು ಗಡಿಯಾರ ಇಟ್ಟುಕೊಂಡು ಮನೆಯಲ್ಲಿ ನಾಲ್ಕು ಸಲ ಹೇಳಿ ನೋಡಿ. ಹತ್ತು ಸ್ಲೈಡಿಗಿಂತ ಹೆಚ್ಚು ಬೇಡ. ಪ್ರಶ್ನೆ ತಿಳಿಯದಿದ್ದರೆ "ದಯವಿಟ್ಟು ಇನ್ನೊಮ್ಮೆ ಹೇಳಿ" ಎನ್ನಲು ನಾಚಬೇಕಿಲ್ಲ. ಪೋಸ್ಟರಾದರೆ ಅಳತೆ ಸಂಘಟಕರು ಹೇಳಿದ್ದೇ ಇರಲಿ, ಎರಡು ಮೀಟರು ದೂರದಿಂದ ಓದುವಷ್ಟು ಅಕ್ಷರ ದಪ್ಪ ಇರಲಿ. ಚುನಾವಣೆಯ ಬ್ಯಾನರು ಮುದ್ರಿಸುವ ಜಹೀರಾಬಾದಿನ ಫ್ಲೆಕ್ಸ್ ಅಂಗಡಿಯಲ್ಲೇ ಇದೂ ಆಗುತ್ತದೆ. ಕಡತವನ್ನು ಪಿಡಿಎಫ್ ಮಾಡಿಕೊಂಡು ಹೋಗಿ, ಇಲ್ಲವಾದರೆ ಕನ್ನಡದ ಒತ್ತಕ್ಷರಗಳು ಒಂದೂ ಜಾಗದಲ್ಲಿ ನಿಲ್ಲುವುದಿಲ್ಲ.

ಫ್ಲೆಕ್ಸ್ ಗಟ್ಟಿ, ಮಡಚದೆ ಸುತ್ತಿ ತಂದರೆ ವಾಪಸು ಬಂದ ಮೇಲೂ ಬಳಸಬಹುದು. ಮಕ್ಕಳನ್ನು ಪರೀಕ್ಷೆ ಮಾಡಿದ ಶಾಲೆಯ ಗೋಡೆಗೆ ಅದನ್ನೇ ತೂಗುಹಾಕಿ, ಪಕ್ಕದಲ್ಲಿ ಅರ್ಧ ಪುಟ ಕನ್ನಡದಲ್ಲಿ, ಅರ್ಧ ಪುಟ ತೆಲುಗಿನಲ್ಲಿ ಏನು ಸಿಕ್ಕಿತು ಎಂದು ಬರೆದು ಅಂಟಿಸಿ. ಎಲ್ಲಿಗಿ ಬರದು ಕಳಸ್ತಾಳ ಎಂದು ಕಟ್ಟೆಯ ಮೇಲೆ ಕೇಳಿದವರೂ ಬಂದು ಓದಲಿ.